ಮಕ್ಕಳ ಥೀಮ್ ಕೇಕ್ ಕೆಟ್ಟಾಗ ಕಾರಣ ಹುಡುಕುವ ಬಗೆ: ಮನೆ ಅಡುಗೆಯವರಿಗೆ ದೋಷ ನಿವಾರಣೆ ಕೈಪಿಡಿ

ಹುಟ್ಟುಹಬ್ಬಕ್ಕೆಂದು ರೈಲು, ಗೊಂಬೆ, ಕಾಡು, ಹೊಲ ಹೀಗೆ ಮಗು ಕೇಳಿದ ರೂಪದಲ್ಲಿ ಮನೆಯಲ್ಲೇ ಮಾಡಿದ ಕೇಕ್ ಕೆಡುವುದು ಹೆಚ್ಚಾಗಿ ಕೊನೆಯ ಎರಡು ತಾಸಿನಲ್ಲಿ. ಅಂಟಿಸಿದ ಚಕ್ರ ಜಾರುತ್ತದೆ, ಸಕ್ಕರೆ ಗೊಂಬೆಯ ಮುಖ ಬೆವರುತ್ತದೆ, ಕೆಂಪು ಬಣ್ಣ ಬಿಳಿ ಕ್ರೀಮಿನೊಳಗೆ ಹರಿಯುತ್ತದೆ. ಆ ಗಾಬರಿಯಲ್ಲಿ ನಾವು ಕೈ ಹಾಕುವುದು ಮೇಲಿನ ಅಲಂಕಾರಕ್ಕೆ. ಇನ್ನಷ್ಟು ಕ್ರೀಮ್ ಬಳಿಯುತ್ತೇವೆ, ಜಾರಿದ್ದನ್ನು ಒತ್ತಿ ನಿಲ್ಲಿಸುತ್ತೇವೆ, ಮತ್ತೆ ಫ್ರಿಜ್ಜಿನಲ್ಲಿ ಇಟ್ಟು ತೆಗೆಯುತ್ತೇವೆ. ಈ ಮೂರೂ ಉಪಾಯಗಳು ಬಹಳ ಸಲ ದೋಷವನ್ನು ಹೆಚ್ಚಿಸುತ್ತವೆ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಬಳಗದ ಮಕ್ಕಳಿಗಾಗಿ ಹಲವು ವರ್ಷ ಇಂಥ ಕೇಕ್ ಮಾಡುತ್ತ ಬಂದ ಮೇಲೆ ನನಗೆ ಖಚಿತವಾದದ್ದು ಇಷ್ಟು: ದೋಷ ಕಣ್ಣಿಗೆ ಬೀಳುವುದು ಮೇಲ್ಭಾಗದಲ್ಲಿ, ಆದರೆ ಅದು ಹುಟ್ಟಿರುವುದು ಒಂದು ಪದರ ಕೆಳಗೆ ಅಥವಾ ಒಂದು ರಾತ್ರಿ ಹಿಂದೆ. ಆದ್ದರಿಂದ ಈ ಕೈಪಿಡಿಯಲ್ಲಿ ಪ್ರತಿ ದೋಷಕ್ಕೂ ಕೆಳಗಿನಿಂದ ಮೇಲಕ್ಕೆ, ಹಿಂದಿನಿಂದ ಮುಂದಕ್ಕೆ ಕಾರಣ ಹುಡುಕುವ ಕ್ರಮವನ್ನು ಅನುಸರಿಸಿದ್ದೇನೆ.

ಮೊದಲ ಪ್ರಶ್ನೆ: ಯಾವಾಗ ಕಾಣಿಸಿತು?

ಏನು ಕೆಟ್ಟಿದೆ ಎಂದು ನೋಡುವ ಮೊದಲು ಯಾವಾಗ ಕೆಟ್ಟಿತು ಎಂದು ಕೇಳಿಕೊಳ್ಳಬೇಕು. ಕ್ರೀಮ್ ಬಳಿಯುವಾಗಲೇ ಕರಗತೊಡಗಿದರೆ ಸ್ಪಂಜ್ ಬಿಸಿಯಿದೆ ಅಥವಾ ಕೋಣೆ ಬಿಸಿಯಿದೆ. ಫ್ರಿಜ್ಜಿನೊಳಗೆ ಇದ್ದಾಗಲೇ ಬದಿ ಉಬ್ಬಿದ್ದರೆ ಒಳಗಿನ ಹೂರಣ ಸಡಿಲವಾಗಿದೆ. ಫ್ರಿಜ್ಜಿನಿಂದ ತೆಗೆದು ಹದಿನೈದು ನಿಮಿಷದೊಳಗೆ ಮೇಲ್ಮೈ ಹೊಳೆಯತೊಡಗಿದರೆ ಅದು ಗಾಳಿಯ ತೇವ. ತೆಗೆದು ಒಂದು ತಾಸಿನ ಮೇಲೆ ನಿಧಾನವಾಗಿ ಕುಸಿದರೆ ಅದು ಉಷ್ಣತೆ. ದಾರಿಯಲ್ಲಿ ವಾಲಿದರೆ ಒಳಗೆ ಆಧಾರವಿಲ್ಲ. ಈ ಐದು ಹೊತ್ತುಗಳನ್ನು ಬೇರ್ಪಡಿಸಿಕೊಂಡರೆ ಅರ್ಧ ಪತ್ತೆ ಮುಗಿದಂತೆ.

ಒಂದು ನಿದರ್ಶನ ಹೇಳುತ್ತೇನೆ. ನನ್ನ ತಂಗಿಯ ಮಗನಿಗೆ ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣವೆಂದರೆ ಬಹಳ ಅಕ್ಕರೆ. ಅಲ್ಲಿಯ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಮೇಲೆ ಅವನು ತನ್ನ ಕೇಕಿನಲ್ಲೂ ರೈಲಿನ ಜೊತೆ ಉದ್ದನೆಯ ಪ್ಲಾಟ್‌ಫಾರ್ಮ್ ಇರಲೇಬೇಕೆಂದು ಹಟ ಹಿಡಿದ. ಶ್ರಾವಣದ ಮಳೆ ಹಿಡಿದ ವಾರವದು. ಎಂಜಿನ್ನು, ಎರಡು ಡಬ್ಬಿಗಳು, ಫಾಂಡಂಟಿನ (ಲಟ್ಟಿಸಿ ಆಕಾರ ಕೊಡುವ ಸಕ್ಕರೆ ಕಣಕದ) ಹನ್ನೆರಡು ಚಕ್ರಗಳು ಹಿಂದಿನ ರಾತ್ರಿಯೇ ಸಿದ್ಧವಾಗಿದ್ದವು. ಮರುದಿನ ಸಂಜೆ ಧಾರವಾಡದ ಅವರ ಮನೆಗೆ ಒಯ್ದು ಪೆಟ್ಟಿಗೆ ತೆರೆದಾಗ ಐದು ಚಕ್ರಗಳು ಕೆಳಗಿದ್ದವು, ಉಳಿದವು ಕರಗಿ ಕಪ್ಪು ನೀರು ಬಿಡುತ್ತಿದ್ದವು, ಹಳಿಗೆಂದು ಜೋಡಿಸಿದ್ದ ವೇಫರ್ ಕಡ್ಡಿಗಳು ಮೆತ್ತಗಾಗಿ ಬಾಗಿದ್ದವು. ದಾರಿಯ ಕುಲುಕಾಟದಿಂದ ಹೀಗಾಯಿತು ಎಂದು ಮನೆಯವರೆಲ್ಲ ಹೇಳಿದರು. ಆದರೆ ಚಕ್ರ ಬಿದ್ದ ಜಾಗದಲ್ಲಿ ಬೆರಳಿಟ್ಟು ನೋಡಿದಾಗ ಕ್ರೀಮ್ ಒದ್ದೆಯಾಗಿತ್ತು. ಕುಲುಕಾಟದಿಂದ ಕ್ರೀಮ್ ಹರಿಯಬಹುದೇ ಹೊರತು ಒದ್ದೆಯಾಗುವುದಿಲ್ಲ. ಫಾಂಡಂಟ್ ಎಂದರೆ ಬಹುಪಾಲು ಸಕ್ಕರೆ ಪುಡಿ. ವಿಪ್ ಮಾಡಿದ ಕ್ರೀಮಿನಲ್ಲಿ ನೀರಿನಂಶ ಹೆಚ್ಚು. ಇಡೀ ರಾತ್ರಿ ಒಂದಕ್ಕೊಂದು ಅಂಟಿಕೊಂಡಿದ್ದಾಗ ಸಕ್ಕರೆ ಆ ನೀರನ್ನು ಎಳೆದುಕೊಂಡು ತಾನೇ ಪಾಕವಾಯಿತು. ಚಕ್ರಗಳು ಬಿದ್ದದ್ದು ದಾರಿಯಲ್ಲಾದರೂ ಕೆಟ್ಟದ್ದು ರಾತ್ರಿಯೇ, ನಮ್ಮ ಫ್ರಿಜ್ಜಿನಲ್ಲೇ.

ಪರಿಹಾರವೂ ಇದರಿಂದಲೇ ಹೊರಡುತ್ತದೆ. ಫಾಂಡಂಟಿನ ಕೆಳಗೆ ಗನಾಶ್ (ಚಾಕೊಲೇಟ್, ಕ್ರೀಮ್ ಕೂಡಿಸಿ ಕರಗಿಸಿದ ಲೇಪ) ಅಥವಾ ಬೆಣ್ಣೆ ಕ್ರೀಮ್ ಇರಬೇಕು. ಕೇಕಿಗೆ ವಿಪ್ ಕ್ರೀಮೇ ಬೇಕೆಂದಿದ್ದರೆ ಫಾಂಡಂಟಿನ ತುಣುಕುಗಳನ್ನು ಎರಡು ದಿನ ಮೊದಲೇ ಮಾಡಿ ಒಣಗಿಸಿ, ಹಿಂಬದಿಗೆ ಕರಗಿಸಿದ ಬಿಳಿ ಚಾಕೊಲೇಟಿನ ತೆಳು ಲೇಪ ಕೊಟ್ಟು, ಕತ್ತರಿಸುವ ಅರ್ಧ ತಾಸು ಮೊದಲು ಅಂಟಿಸಬೇಕು. ಚಾಕೊಲೇಟಿನ ಕೊಬ್ಬು ನೀರಿಗೆ ಗೋಡೆಯಾಗಿ ನಿಲ್ಲುತ್ತದೆ. ವೇಫರ್, ಬಿಸ್ಕತ್ತುಗಳಿಗೂ ಇದೇ ನಿಯಮ.

ಬೆವರು: ಮಳೆಗಾಲದ ಮುಖ್ಯ ತೊಂದರೆ

ನಮ್ಮ ಭಾಗದಲ್ಲಿ ಗೌರಿ ಹುಣ್ಣಿಮೆಗೆ ಕಟ್ಟಿಗೆಯ ಅಚ್ಚಿನಲ್ಲಿ ಪಾಕ ಹೊಯ್ದು ಸಕ್ಕರೆ ಆರತಿಯ ಗೊಂಬೆ ಮಾಡುವುದನ್ನು ಕಂಡವರಿಗೆ ಫಾಂಡಂಟಿನ ಸ್ವಭಾವ ಹೊಸದಲ್ಲ. ಆ ಗೊಂಬೆಗಳನ್ನು ಯಾರೂ ತಂಪಿನ ಜಾಗದಲ್ಲಿ ಇಡುವುದಿಲ್ಲ. ಒಣ ಡಬ್ಬಿಯಲ್ಲಿ ಹಾಕಿ ಬಿಗಿಯಾಗಿ ಮುಚ್ಚುತ್ತಾರೆ. ಆ ಹಬ್ಬ ದೀಪಾವಳಿಯ ನಂತರ, ಗಾಳಿ ಒಣಗತೊಡಗಿದ ಕಾರ್ತಿಕದಲ್ಲಿ ಬರುತ್ತದೆ ಎಂಬುದನ್ನೂ ಗಮನಿಸಬೇಕು. ನಾವು ಅದೇ ಸಕ್ಕರೆಯನ್ನು ಜುಲೈ ತಿಂಗಳಲ್ಲಿ ಗೊಂಬೆ ಮಾಡಿ, ಫ್ರಿಜ್ಜಿನಲ್ಲಿಟ್ಟು, ತೆಗೆದು ತೇವದ ಗಾಳಿಗೆ ಒಡ್ಡುತ್ತೇವೆ.

ಕೋಣೆಯ ಉಷ್ಣತೆ 26 ಡಿಗ್ರಿ, ಗಾಳಿಯ ತೇವ ಶೇ. 85 ಇದ್ದಾಗ ಸುಮಾರು 23 ಡಿಗ್ರಿಗಿಂತ ತಂಪಾದ ಯಾವ ವಸ್ತುವಿನ ಮೇಲೂ ಗಾಳಿಯ ನೀರು ಹನಿಯಾಗಿ ಕೂರುತ್ತದೆ. ಫ್ರಿಜ್ಜಿನಿಂದ ಬಂದ ಕೇಕಿನ ಉಷ್ಣತೆ 5 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹೀಗಿರುವಾಗ ಬೆವರು ಬರುವುದು ನಿಶ್ಚಿತ. ಅದು ಫಾಂಡಂಟಿನ ದೋಷವೂ ಅಲ್ಲ, ಮಾಡಿದವರ ಕೈಯ ದೋಷವೂ ಅಲ್ಲ. ಅದನ್ನು ಬಟ್ಟೆಯಿಂದ ಒರೆಸಬಾರದು, ಒರೆಸಿದರೆ ಬಣ್ಣ ಎದ್ದು ಬರುತ್ತದೆ. ಫ್ಯಾನಿನ ಕೆಳಗೆ ಮುಟ್ಟದೆ ಬಿಟ್ಟರೆ ಒಂದೆರಡು ತಾಸಿನಲ್ಲಿ ಬಹುಮಟ್ಟಿಗೆ ಆರುತ್ತದೆ. ಬೆವರು ಬಾರದಂತೆ ತಡೆಯುವ ದಾರಿ ಬೇರೆ ಇದೆ. ಕೇಕನ್ನು ಫ್ರಿಜ್ಜಿನಲ್ಲಿ ಇಡುವಾಗಲೇ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟು, ಸುತ್ತ ಪ್ಲಾಸ್ಟಿಕ್ ಹಾಳೆ ಸುತ್ತಿ, ಹೊರಗೆ ತೆಗೆದ ಮೇಲೂ ಅದು ಕೋಣೆಯ ಉಷ್ಣತೆಗೆ ಬರುವ ತನಕ ಬಿಚ್ಚದೆ ಬಿಡಬೇಕು. ಆಗ ನೀರು ಹೊರಗಿನ ಪ್ಲಾಸ್ಟಿಕ್ಕಿನ ಮೇಲೆ ಕೂರುತ್ತದೆ, ಕೇಕಿನ ಮೇಲಲ್ಲ. ಮಗು ನೋಡಬೇಕೆಂದು ಕಾಡಿದರೂ ನಡುವೆ ತೆರೆಯಬಾರದು. ಈ ಕಾಯುವಿಕೆ ಗನಾಶ್ ಅಥವಾ ಬೆಣ್ಣೆ ಕ್ರೀಮಿನ ಮೇಲೆ ಫಾಂಡಂಟ್ ಹೊದಿಸಿದ ಕೇಕಿಗೆ ಮಾತ್ರ. ಗೊಂಬೆಗಳನ್ನಂತೂ ಫ್ರಿಜ್ಜಿಗೆ ಸೇರಿಸುವ ಅಗತ್ಯವೇ ಇಲ್ಲ.

ಇದಕ್ಕೆ ತದ್ವಿರುದ್ಧವಾದ ದೋಷವೆಂದರೆ ಬೇಸಿಗೆಯಲ್ಲಿ ಫಾಂಡಂಟ್ ಒಣಗಿ ಆನೆಯ ಚರ್ಮದಂತೆ ಸುಕ್ಕಾಗುವುದು. ಲಟ್ಟಿಸುವಾಗ ಕಾರ್ನ್‌ಫ್ಲೋರ್ ಹೆಚ್ಚು ಉದುರಿಸಿದ್ದೇ ಬಹಳ ಸಲ ಇದಕ್ಕೆ ಕಾರಣವಾಗಿರುತ್ತದೆ. ಅಂಗೈಗೆ ಚಿಟಿಕೆಯಷ್ಟು ವನಸ್ಪತಿ ಸವರಿಕೊಂಡು ಮತ್ತೆ ನಾದಿದರೆ ಸರಿಯಾಗುತ್ತದೆ. ನೀರು ಚಿಮುಕಿಸಿದರೆ ಅಂಟಾಗಿ ಹದ ತಪ್ಪುತ್ತದೆ.

ಕ್ರೀಮ್ ನಿಲ್ಲದಿದ್ದರೆ

ಹಾಲಿನ ಕ್ರೀಮ್ ವಿಪ್ ಆಗಿ ನಿಲ್ಲಬೇಕಾದರೆ ಅದರಲ್ಲಿ ಕನಿಷ್ಠ ಶೇ. 30ರಷ್ಟು ಕೊಬ್ಬು ಇರಬೇಕು. ಅಡುಗೆಗೆಂದು ಮಾರುವ ತಾಜಾ ಕ್ರೀಮಿನಲ್ಲಿ ಸಾಮಾನ್ಯವಾಗಿ ಶೇ. 25 ಇರುತ್ತದೆ, ಅದನ್ನು ಎಷ್ಟು ಹೊತ್ತು ಕಡೆದರೂ ಅದು ಗೆರೆ ಹಿಡಿಯುವುದಿಲ್ಲ. ಆದ್ದರಿಂದ ಮೊದಲು ಪೊಟ್ಟಣದ ಹಿಂಬದಿ ಓದಬೇಕು. ಸಸ್ಯಜನ್ಯ ಕೊಬ್ಬಿನ ವಿಪ್ಪಿಂಗ್ ಕ್ರೀಮ್ ಹೆಪ್ಪುಗಟ್ಟಿದ ಸ್ಥಿತಿಯಲ್ಲಿ ಬರುತ್ತದೆ. ಅದನ್ನು ಫ್ರೀಜರಿನಿಂದ ಹೊರಗಿಟ್ಟು ಅವಸರದಲ್ಲಿ ಕರಗಿಸಿದಾಗ ಹೊರಭಾಗ ಬೆಚ್ಚಗಾಗಿ ಒಳಗೆ ಮಂಜು ಉಳಿಯುತ್ತದೆ. ಹಿಂದಿನ ರಾತ್ರಿಯೇ ಕೆಳಗಿನ ಅರೆಗೆ ಇಳಿಸಿದರೆ ಈ ತೊಂದರೆ ಇಲ್ಲ. ಪಾತ್ರೆ, ಬೀಟರಿನ ಕಡ್ಡಿ ಎರಡನ್ನೂ ತಂಪು ಮಾಡಿಕೊಳ್ಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹುಬ್ಬಳ್ಳಿ, ಗದಗಗಳ ಮಧ್ಯಾಹ್ನದ ಉಷ್ಣತೆ 37–38 ಡಿಗ್ರಿ ಮುಟ್ಟುವುದರಿಂದ ನಾನು ಆ ಎರಡು ತಿಂಗಳು ಈ ಕೆಲಸವನ್ನು ಬೆಳಿಗ್ಗೆ ಏಳರೊಳಗೆ ಮುಗಿಸುತ್ತೇನೆ.

ಕ್ರೀಮ್ ಕಾಳುಕಾಳಾಗಿ ಒಡೆದಂತೆ ಕಂಡರೆ ಹೆಚ್ಚು ಕಡೆದಿದ್ದೀರಿ. ಸಸ್ಯಜನ್ಯ ಕ್ರೀಮಾದರೆ ಕಡೆಯದ ತಣ್ಣನೆಯ ಕ್ರೀಮನ್ನು ಎರಡು ಮೂರು ಚಮಚ ಹಾಕಿ ಕೈಯಿಂದ ಮೆಲ್ಲಗೆ ಮಗುಚಿದರೆ ಮರಳಿ ನುಣುಪಾಗುತ್ತದೆ. ಹಾಲಿನ ಕ್ರೀಮ್ ಬೆಣ್ಣೆಯಾಗತೊಡಗಿದ್ದರೆ ಅದನ್ನು ಬೆಣ್ಣೆಯಾಗಿಯೇ ಬಳಸಿಕೊಳ್ಳುವುದು ಒಳಿತು.

ಬೆಣ್ಣೆ ಕ್ರೀಮಿನ ವಿಚಾರದಲ್ಲಿ ನನ್ನ ಅಭಿಪ್ರಾಯ ಖಂಡಿತವಾದದ್ದು. ಬೆಣ್ಣೆ 32ರಿಂದ 35 ಡಿಗ್ರಿಯಲ್ಲಿ ಕರಗುತ್ತದೆ. ಅದಕ್ಕೂ ಬಹಳ ಮೊದಲೇ ಮೆತ್ತಗಾಗುತ್ತದೆ. ಆದ್ದರಿಂದ ನಮ್ಮ ಬೇಸಿಗೆಯಲ್ಲಿ, ಅದರಲ್ಲೂ ಪತ್ರಾಸಿನ ಮಾಡಿನ ಕೆಳಗೆ ಅಥವಾ ಬಯಲು ಪೆಂಡಾಲಿನಲ್ಲಿ ನಡೆಯುವ ಹುಟ್ಟುಹಬ್ಬಕ್ಕೆ, ಅದು ತಕ್ಕ ಲೇಪವಲ್ಲ. ಗನಾಶ್ ಮಾಡಿ. ಕಪ್ಪು ಚಾಕೊಲೇಟಾದರೆ ತೂಕದಲ್ಲಿ ಚಾಕೊಲೇಟ್ ಎರಡು ಪಾಲು, ಕ್ರೀಮ್ ಒಂದು ಪಾಲು. ಬಿಳಿಯದಾದರೆ ಮೂರಕ್ಕೆ ಒಂದು. ಕಡುಬೇಸಿಗೆಯಲ್ಲಿ ಚಾಕೊಲೇಟಿನ ಪಾಲನ್ನು ಇನ್ನೂ ಅರ್ಧದಿಂದ ಒಂದರಷ್ಟು ಏರಿಸಬೇಕು.

ವಾಲುವುದು, ಹೊಟ್ಟೆ ಬರುವುದು, ಬಿರಿಯುವುದು

ಕೇಕಿನ ನಡುಭಾಗ ಸುತ್ತಲೂ ಹೊಟ್ಟೆಯಂತೆ ಉಬ್ಬಿದರೆ ಒಂದೋ ಹೂರಣ ತೆಳುವಾಗಿದೆ, ಇಲ್ಲವೇ ಪದರಗಳು ಕೂರುವ ಮೊದಲೇ ಹೊರಲೇಪ ಬಿದ್ದಿದೆ. ಸ್ಪಂಜು, ಹೂರಣ ಜೋಡಿಸಿದ ಮೇಲೆ ಫ್ರಿಜ್ಜಿನಲ್ಲಿ ನಾಲ್ಕೈದು ತಾಸು, ಮೇಲೆ ಹಗುರವಾದ ತಟ್ಟೆಯಿಟ್ಟು ಬಿಟ್ಟರೆ ಅದು ತನ್ನ ಭಾರಕ್ಕೆ ಕುಸಿಯಬೇಕಾದಷ್ಟು ಕುಸಿದು ನಿಲ್ಲುತ್ತದೆ, ಹೊರಲೇಪ ಅನಂತರ. ಡಬ್ಬಿಯ ಅನಾನಸನ್ನು ಜರಡಿಯಲ್ಲಿ ಸುರಿದು ಒಂದು ತಾಸು ನೀರಿಳಿಸದೆ ಹಾಕಿದ ಕೇಕ್ ಹೊಟ್ಟೆ ಬಾರದೆ ಉಳಿದದ್ದನ್ನು ನಾನು ಕಂಡಿಲ್ಲ. ಸಕ್ಕರೆ ನೀರನ್ನೂ ಅಳತೆಯಿಂದ ಚಿಮುಕಿಸಬೇಕು. ಅರ್ಧ ಕಿಲೋ ಸ್ಪಂಜಿಗೆ ನಾನು 100 ಮಿಲಿಲೀಟರ್ ದಾಟುವುದಿಲ್ಲ. ಫಾಂಡಂಟಿನ ಕೆಳಗೆ ಒಂದೇ ಕಡೆ ಗುಳ್ಳೆ ಎದ್ದರೆ ಅದು ಸಿಕ್ಕಿಬಿದ್ದ ಗಾಳಿ. ತೊಳೆದ ಸೂಜಿಯಿಂದ ಓರೆಯಾಗಿ ಚುಚ್ಚಿ ಅಂಗೈಯಿಂದ ಸವರಿದರೆ ಸಾಕು.

ವಾಲುವ ಕೇಕಿಗೆ ಮದ್ದು ಒಳಗಿರಬೇಕು. ಎರಡು ಅಂತಸ್ತು ಇದ್ದರೆ ಮೇಲಿನದು ಕೆಳಗಿನ ಸ್ಪಂಜಿನ ಮೇಲೆ ಕೂರಬಾರದು. ತನ್ನದೇ ರಟ್ಟಿನ ಮೇಲೆ, ಆ ರಟ್ಟು ಕೆಳಗಿನ ಕೇಕಿನಲ್ಲಿ ನೆಟ್ಟ ಐದಾರು ದಪ್ಪ ಸ್ಟ್ರಾಗಳ ಮೇಲೆ ಕೂರಬೇಕು. ಸ್ಟ್ರಾಗಳು ಒಂದು ಎಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಒಂದೇ ಎತ್ತರವಿರಬೇಕು, ಏಕೆಂದರೆ ಒಂದು ಗಿಡ್ಡವಾದರೆ ಆ ಬದಿಗೆ ಆಧಾರ ತಪ್ಪಿ ಕೇಕ್ ಅದೇ ದಿಕ್ಕಿಗೆ ಮೆಲ್ಲಗೆ ವಾಲುತ್ತದೆ. ಗೊಂಬೆಯ ಲಂಗದ ಕೇಕ್ ಬಿರಿಯುವುದೂ ಇಂಥದ್ದೇ ಕಾರಣಕ್ಕೆ: ನಡುವಿನ ರಂಧ್ರ ಇಕ್ಕಟ್ಟಾಗಿ ಗೊಂಬೆಯ ಕಾಲು ಸ್ಪಂಜನ್ನು ಸೀಳಿರುತ್ತದೆ. ಗೊಂಬೆಗೆ ಸೊಂಟದವರೆಗೆ ಆಹಾರಕ್ಕೆ ಬಳಸುವ ಪ್ಲಾಸ್ಟಿಕ್ ಹಾಳೆ ಸುತ್ತಿ, ಕಾಲಿಗಿಂತ ಸ್ವಲ್ಪ ಅಗಲದ ರಂಧ್ರವನ್ನು ಮೊದಲೇ ಕೊರೆಯಬೇಕು.

ಸ್ಪಂಜಿನ ಬುಡದಲ್ಲೇ ದೋಷವಿದ್ದರೆ

ನಮ್ಮ ಕಡೆ ಅನೇಕ ಮನೆಗಳಲ್ಲಿ ಮೊಟ್ಟೆ ಬಳಸುವುದಿಲ್ಲ. ಮೊಸರು, ಸೋಡಾ ಅಥವಾ ಕಂಡೆನ್ಸ್ಡ್ ಹಾಲಿನ ಸ್ಪಂಜೇ ರೂಢಿ. ತಿನ್ನಲು ಅದು ಸೊಗಸು, ಆದರೆ ಆಕಾರಕ್ಕೆ ಕೊರೆಯುವಾಗ ಪುಡಿಯಾಗುತ್ತದೆ, ಏಕೆಂದರೆ ಮೊಟ್ಟೆ ಕೊಡುವ ಕಟ್ಟು ಅದರಲ್ಲಿಲ್ಲ. ಇಂಥ ಸ್ಪಂಜನ್ನು ಹಿಂದಿನ ದಿನವೇ ಬೇಯಿಸಿ, ಪೂರ್ತಿ ಆರಿಸಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ರಾತ್ರಿ ಫ್ರಿಜ್ಜಿನಲ್ಲಿಟ್ಟು, ಕೊರೆಯುವ ಮುಂಚೆ ಮುಕ್ಕಾಲು ತಾಸು ಫ್ರೀಜರಿನಲ್ಲಿ ಬಿಗಿಯಾಗಿಸಿದರೆ ಗರಗಸದ ಹಲ್ಲಿನ ಚಾಕು ಬೆಣ್ಣೆಯಲ್ಲಿ ಹಾಯುವಂತೆ ಹಾಯುತ್ತದೆ.

ನಡುಭಾಗ ಕುಸಿದರೆ ಮೂರನ್ನು ಕ್ರಮವಾಗಿ ನೋಡಿ. ಕುಸಿದ ಜಾಗ ಅಂಟಾಗಿದ್ದರೆ ಬೆಂದಿಲ್ಲ. ಬೆಂದಿದ್ದೂ ಕುಸಿದು, ರುಚಿಯಲ್ಲಿ ಸಾಬೂನಿನ ಛಾಯೆ ಇದ್ದರೆ ಸೋಡಾ ಹೆಚ್ಚಾಗಿದೆ. ಒಂದು ಕಪ್ ಮೈದಾಕ್ಕೆ ಕಾಲು ಟೀ ಚಮಚ ಸಾಕು. ಇವೆರಡೂ ಅಲ್ಲದಿದ್ದರೆ ಬೇಯುವಾಗ ಬಾಗಿಲು ತೆರೆದಿದ್ದೀರಿ. ನಡುವೆ ಕರೆಂಟು ಹೋದಾಗ ಒಳಗೇನಾಯಿತೆಂದು ತೆರೆದು ನೋಡುವುದು ಇದೇ ತಪ್ಪು. ಮುಚ್ಚಿದ ಒಟಿಜಿ (ಮನೆಬಳಕೆಯ ಸಣ್ಣ ವಿದ್ಯುತ್ ಓವನ್) ಕೆಲಕಾಲ ಶಾಖ ಹಿಡಿದಿರುತ್ತದೆ. ನಡುವೆ ಗುಡ್ಡದಂತೆ ಎದ್ದು ಬಿರಿದರೆ ಶಾಖ ಹೆಚ್ಚು: ಮೇಲ್ಪದರ ಮೊದಲೇ ಗಟ್ಟಿಯಾಗಿ, ಒಳಗಿನ ಹಿಟ್ಟು ಅದನ್ನು ಒಡೆದು ಬಂದಿರುತ್ತದೆ. ಒಟಿಜಿಯ ಗುಂಡಿ ತೋರಿಸುವ ಉಷ್ಣತೆಯನ್ನು ನಂಬದೆ ಒಳಗೊಂದು ಉಷ್ಣಮಾಪಕ ಇಟ್ಟು 160–170 ಡಿಗ್ರಿಯಲ್ಲಿ ಬೇಯಿಸಿ. ಕುಕ್ಕರಿನಲ್ಲಿ ಬೇಯಿಸುವವರು ಗ್ಯಾಸ್ಕೆಟ್, ಸೀಟಿ ಎರಡನ್ನೂ ತೆಗೆದಿರಬೇಕು, ತಳದಲ್ಲಿ ಉಪ್ಪಿನ ಹಾಸಿರಬೇಕು.

ಎತ್ತರದ ಊರುಗಳಲ್ಲಿ ಕೇಕ್ ಬೇಗ ಉಬ್ಬಿ ಕುಸಿಯುತ್ತದೆ ಎಂದು ಓದಿದ ಕೆಲವರು ಧಾರವಾಡದ ಎತ್ತರವನ್ನು ಕಾರಣವೆಂದು ತಿಳಿಯುತ್ತಾರೆ. ನಮ್ಮ ಊರುಗಳು ಸಮುದ್ರ ಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿವೆ. ಅಳತೆ ಬದಲಿಸಬೇಕಾಗುವುದು ಸುಮಾರು 900–1000 ಮೀಟರ್ ದಾಟಿದ ಮೇಲೆ. ಆ ಅನುಮಾನವನ್ನು ಬಿಟ್ಟುಬಿಡಬಹುದು.

ಬಣ್ಣ

ಮನೆಯ ಬಣ್ಣಗಳೇ ಒಳ್ಳೆಯವೆಂದು ಅರಿಶಿನ ಹಾಕಿದ ಹಳದಿ ಕೇಕ್ ಒಲೆಯಿಂದ ಕೆಂಗಂದಾಗಿ ಬಂದರೆ ಬೆದರಬೇಕಾಗಿಲ್ಲ. ಅರಿಶಿನಕ್ಕೆ ಸುಣ್ಣ ಸೇರಿಸಿದಾಗ ಕುಂಕುಮದ ಕೆಂಪು ಬರುವುದೂ ಇಲ್ಲಿ ಸೋಡಾ ಮಾಡಿದ್ದೂ ಒಂದೇ ಕೆಲಸ. ಅರಿಶಿನವನ್ನು ಸೋಡಾ ಇರುವ ಹಿಟ್ಟಿಗೆ ಹಾಕದೆ ಕ್ರೀಮಿಗೆ ಮಾತ್ರ ಹಾಕಿ. ಆಕಾಶದ ನೀಲಿ ಹಸಿರಾಗಿ ತಿರುಗುವುದಕ್ಕೆ ಬೆಣ್ಣೆಯ ಹಳದಿಯೇ ಕಾರಣ. ನೀಲಿಗೆ ಬಿಳಿ ಕ್ರೀಮ್ ಬೇಕು. ಕ್ರೀಮ್ ಬಣ್ಣ ಹಾಕಿದೊಡನೆ ನೀರಾದರೆ ದ್ರವ ಬಣ್ಣ ಬಳಸಿದ್ದೀರಿ, ಜೆಲ್ ಬಣ್ಣಕ್ಕೆ ಬದಲಿಸಿ.

ಕೆಂಪು, ಕಪ್ಪುಗಳು ಹರಿಯುವುದಕ್ಕೆ ಮೂಲ ಕಾರಣ ಬಣ್ಣದ ಅತಿಯಾದ ಪ್ರಮಾಣ. ಬಣ್ಣ ಗಾಢವಾಗಲು ಕೆಲವು ತಾಸು ಬೇಕು ಎಂಬುದನ್ನು ಮರೆತು ಕಣ್ಣಿಗೆ ಕೆಂಪಾಗುವ ತನಕ ಸುರಿಯುತ್ತೇವೆ. ಸಂಜೆಯೇ ಕಲಸಿಟ್ಟರೆ ಬೆಳಿಗ್ಗೆ ಅರ್ಧ ಬಣ್ಣದಲ್ಲೇ ಕೆಂಪು ಸಿಕ್ಕುತ್ತದೆ. ಕಪ್ಪಿಗೆ ಬಿಳಿ ಕ್ರೀಮಿನಿಂದ ತೊಡಗದೆ ಕೋಕೋ ಬೆರೆಸಿದ ಕ್ರೀಮಿನಿಂದ ತೊಡಗಿದರೆ ಬಹಳ ಕಡಿಮೆ ಬಣ್ಣ ಸಾಕಾಗುತ್ತದೆ. ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣ ತಿನ್ನುವವರು ಮಕ್ಕಳು. ಆಹಾರದಲ್ಲಿ ಬಳಸಲು ನಮ್ಮ ದೇಶದ ನಿಯಮಗಳು ಒಪ್ಪಿರುವ ಕೃತಕ ಬಣ್ಣಗಳು ಎಂಟೇ, ಅವುಗಳಿಗೂ ಪ್ರಮಾಣದ ಮಿತಿಯಿದೆ. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12 ಮಾದರಿಗಳು ಕೃತಕ ಬಣ್ಣದ ಕಾರಣಕ್ಕೆ ಅಸುರಕ್ಷಿತವೆಂದು ಕಂಡುಬಂದಿದ್ದವು. ಮಿನುಗು ಪುಡಿಯ ಡಬ್ಬಿಯ ಮೇಲೆ ವಿಷಕಾರಿಯಲ್ಲ ಎಂದಷ್ಟೇ ಬರೆದಿದ್ದರೆ ಅದು ತಿನ್ನುವ ವಸ್ತುವೆಂದು ಅರ್ಥವಲ್ಲ. ತಿನ್ನಬಹುದು ಎಂದು ಸ್ಪಷ್ಟವಾಗಿ ಇರಬೇಕು.

ಗೊಂಬೆಗಳ ಕಾಲು ಮಡಚಿದರೆ

ಹೊಲದ ಕೇಕಿಗೆ ಎತ್ತು ಮಾಡುವವರು ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳನ್ನು ನೆನಪಿಗೆ ತಂದುಕೊಳ್ಳಬೇಕು. ಅವುಗಳ ಕಾಲು ಗಿಡ್ಡ, ದಪ್ಪ, ಹೊಟ್ಟೆ ಭಾರವಿಲ್ಲ, ಕಾಲುಗಳನ್ನು ಮೈಯಿಂದಲೇ ಎಳೆದು ತೆಗೆದಿರುತ್ತಾರೆ, ಬೇರೆ ಮಾಡಿ ಅಂಟಿಸಿರುವುದಿಲ್ಲ. ಫಾಂಡಂಟಿಗೂ ಇದೇ ರೀತಿ ಸಲ್ಲುತ್ತದೆ. 250 ಗ್ರಾಂ ಫಾಂಡಂಟಿಗೆ ಒಂದು ಟೀ ಚಮಚ ಸಿಎಂಸಿ ಪುಡಿ (ಫಾಂಡಂಟನ್ನು ಗಟ್ಟಿಯಾಗಿಸುವ, ತಿನ್ನಬಹುದಾದ ಅಂಟು ಪುಡಿ) ಸೇರಿಸಿ ನಾದಿ, ಮಾಡಿದ ಗೊಂಬೆಯನ್ನು ಎರಡು ಮೂರು ದಿನ ನೆರಳಲ್ಲಿ ಒಣಗಿಸಿ. ಮಳೆಗಾಲದಲ್ಲಿ ನಾಲ್ಕೈದು ದಿನವೂ ಬೇಕಾದೀತು. ಕತ್ತು ನಿಲ್ಲದಿದ್ದರೆ ಹಲ್ಲುಕಡ್ಡಿ ಚುಚ್ಚುವುದು ಸುಲಭ, ಆದರೆ ಸಣ್ಣ ಮಕ್ಕಳ ಕೇಕಿನಲ್ಲಿ ನಾನು ಅದನ್ನು ಒಪ್ಪುವುದಿಲ್ಲ. ಬೇಯಿಸದ ಶ್ಯಾವಿಗೆಯ ದಪ್ಪ ಎಳೆ ಅಷ್ಟೇ ಕೆಲಸ ಮಾಡುತ್ತದೆ, ಬಾಯಿಗೆ ಹೋದರೂ ಗಾಯ ಮಾಡುವ ಭಯ ಕಡಿಮೆ.

ಒಯ್ಯುವಾಗ, ಮತ್ತು ಕೊನೆಯ ಅರ್ಧ ತಾಸು

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರ್. ಕಾರಿನಲ್ಲಿ ಕೇಕನ್ನು ತೊಡೆಯ ಮೇಲೆ ಇಟ್ಟುಕೊಂಡವರ ಕೇಕ್ ಹೆಚ್ಚು ಕೆಡುತ್ತದೆ, ಏಕೆಂದರೆ ತೊಡೆಯ ಬಿಸಿಯೂ ಓರೆಯೂ ಎರಡೂ ಅದಕ್ಕೆ ತಗಲುತ್ತವೆ. ಆಸನವೂ ಹಿಂದಕ್ಕೆ ಇಳಿಜಾರು. ಕಾರಿನ ಸಮತಟ್ಟಾದ ನೆಲದ ಮೇಲೆ ಜಾರದ ರಬ್ಬರ್ ಹಾಸಿ, ಅದರ ಮೇಲೆ ಪೆಟ್ಟಿಗೆ ಇಡಬೇಕು. ಈ ಎರಡು ಊರುಗಳ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಹೋಗುವುದಾದರೆ ಗೊಂಬೆಗಳನ್ನು ಬೇರೆ ಡಬ್ಬಿಯಲ್ಲಿ ಒಯ್ದು ಅಲ್ಲೇ ನಿಲ್ಲಿಸುವುದು ಲೇಸು.

ತಲುಪಿದ ಮೇಲೆ ದೋಷ ಕಂಡರೆ ಇಡೀ ಕೇಕನ್ನು ಸರಿಪಡಿಸಲು ಹೋಗಬೇಡಿ. ಬಿರಿದ ಬದಿಯನ್ನು ಗೋಡೆಯ ಕಡೆಗೆ ತಿರುಗಿಸಿ. ಜಾರಿದ ಚಕ್ರಗಳನ್ನು ತೆಗೆದು ಅವುಗಳ ಜಾಗದಲ್ಲಿ ಗುಂಡು ಬಿಸ್ಕತ್ತು ಒತ್ತಿ. ಅರ್ಧ ತಾಸಿಗೆ ಅವು ಮೆತ್ತಗಾಗುವುದಿಲ್ಲ. ಧಾರವಾಡದಲ್ಲಿ ಆ ಸಂಜೆ ನಾವು ಮಾಡಿದ್ದೂ ಅದನ್ನೇ, ಬಾಗಿದ ಹಳಿಗಳ ಮೇಲೆ ಪೇಢೆಯನ್ನು ಪುಡಿ ಮಾಡಿ ಜಲ್ಲಿಯಂತೆ ಉದುರಿಸಿದೆವು. ಹುಡುಗ ಮೊದಲು ತಿಂದದ್ದೇ ಆ ಜಲ್ಲಿಯನ್ನು. ಕ್ರೀಮ್ ಕೇಕ್ ಹೊರಗೆ ಎರಡು ತಾಸಿಗಿಂತ ಹೆಚ್ಚು, ಬೇಸಿಗೆಯ ಬಿಸಿಲಿನ ದಿನಗಳಲ್ಲಿ ಒಂದು ತಾಸಿಗಿಂತ ಹೆಚ್ಚು ಇರಬಾರದು, ಆದ್ದರಿಂದ ನೆಂಟರು ತಡವಾದರೆ ಕಾಯಬೇಕಾದದ್ದು ಫ್ರಿಜ್ಜಿನೊಳಗೇ. ಕತ್ತರಿಸುವ ಮೊದಲು ಸ್ಟ್ರಾ, ಗೊಂಬೆಯ ಪ್ಲಾಸ್ಟಿಕ್, ಮೇಣದಬತ್ತಿಯ ಬುಡ ಎಷ್ಟಿದ್ದವೆಂದು ಎಣಿಸಿ ಬರೆದಿಟ್ಟ ಚೀಟಿಯನ್ನು ಚಾಕು ಹಿಡಿದವರ ಕೈಗೆ ಕೊಟ್ಟು, ಅಷ್ಟೂ ಹೊರಬಂದವೆಂದು ಖಚಿತವಾದ ಮೇಲೆ ಮಕ್ಕಳ ತಟ್ಟೆಗೆ ಹಾಕಲು ಹೇಳಿ.